ನಿಂತರೆ ಗರಗರ, ಕೂತರೆ ಇಲ್ಲ

ಇದನ್ನು ಹೇಳುವುದನ್ನು ನಾನು ಹನ್ನೆರಡು ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಅಂಗಡಿ ಇದ್ದಾಗ ಗಿರಾಕಿಗಳ ನೆಪ. ಅಂಗಡಿ ಮುಚ್ಚಿದ ಮೇಲೆ ಕಣ್ಣಿನ ನೆಪ, ಪೊರೆ ತೆಗೆಸಿಕೊಂಡು ಬರೆಯೋಣ ಎಂದು. ಪೊರೆ ತೆಗೆಸಿ ವರ್ಷವಾಯಿತು. ಈಗ ಅಕ್ಷರ ಚೆನ್ನಾಗಿಯೇ ಕಾಣುತ್ತದೆ.

ಒಂದು ವಾದ್ಯದ ರಿಪೇರಿಯಲ್ಲಿ ನಾನು ತಪ್ಪು ಮಾಡಿದೆ. ಆ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ವಿಷಯ ಇಷ್ಟೇ. ಆದರೆ ಹೇಗೆ ನಡೆಯಿತು ಎಂಬುದನ್ನು ಕ್ರಮವಾಗಿ ಹೇಳದಿದ್ದರೆ ಇಲ್ಲಿಯೂ ನನ್ನನ್ನು ನಾನೇ ಉಳಿಸಿಕೊಂಡಂತಾಗುತ್ತದೆ.

ಬದಿಯಡ್ಕದಲ್ಲಿ ನನ್ನದು ರೇಡಿಯೋ, ಟಿ.ವಿ., ಆಂಪ್ಲಿಫೈಯರ್ ರಿಪೇರಿಯ ಅಂಗಡಿ. ಟಿ.ವಿ. ಕೆಲಸ ಇಳಿಯುತ್ತ ಬಂದ ಕಾಲ ಅದು. ಹೆಚ್ಚಿನ ಕೆಲಸ ಬರುತ್ತಿದ್ದದ್ದು ಮೈಕು, ಸ್ಪೀಕರ್ ಬಾಡಿಗೆಗೆ ಕೊಡುವ ಒಬ್ಬನಿಂದ. ಮದುವೆಗೆ, ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಹಾಡುವ ಗಾನಮೇಳದ ತಂಡವೊಂದನ್ನೂ ಅವನು ಕಟ್ಟಿಕೊಂಡಿದ್ದ. ಸಿನಿಮಾ ಹಾಡು, ಮಾಪಿಳ್ಳೆ ಹಾಡು, ಊರು ನೋಡಿ ಕನ್ನಡ, ಮಲಯಾಳ, ತುಳು. ಅವನನ್ನು ಇಲ್ಲಿ ಮಾಲಕ ಎಂದು ಕರೆಯುತ್ತೇನೆ.

ಆ ತಂಡಕ್ಕೆ ಬೇಸ್ ಗಿಟಾರ್ ನುಡಿಸುತ್ತಿದ್ದವರು ಕುಂಬಳೆಯ ಒಬ್ಬ ಬ್ಯಾರಿ. ನನಗಿಂತ ನಾಲ್ಕೈದು ವರ್ಷಕ್ಕೆ ಸಣ್ಣವರು. ಗಲ್ಫಿನ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿದ್ದಾಗ, ಅದೇ ಹೋಟೆಲಿನ ಬ್ಯಾಂಡಿನಲ್ಲಿದ್ದ ಗೋವೆಯವನೊಬ್ಬ ಕಲಿಸಿದ್ದಂತೆ. ಊರಿಗೆ ಬರುವಾಗ ಉಳಿದವರು ಕಂಬಳಿ, ಅತ್ತರು, ಟೇಪ್ ರೆಕಾರ್ಡರ್ ತಂದರೆ ಇವರು ನಾಲ್ಕು ದಪ್ಪ ತಂತಿಗಳ ಒಂದು ಕಪ್ಪು ವಾದ್ಯ ತಂದಿದ್ದರು. ದಿನಾ ಕುಂಬಳೆಯ ಹೋಟೆಲಿನಲ್ಲಿ ಪರೋಟ ಹಾಕುವ ಕೆಲಸ, ಕಾರ್ಯಕ್ರಮ ಇದ್ದ ದಿನ ಬೇಸ್. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಸಿ ಎಣ್ಣೆ ಬಿದ್ದ ಹಳೆಯ ಕಲೆ. ಆಳು ಕುಳ್ಳ, ಹೊಟ್ಟೆ ದೊಡ್ಡದು. ವಾದ್ಯವನ್ನು ಹೆಗಲಿಗೆ ಹಾಕಿ ನಿಂತರೆ ಅದು ಹೊಟ್ಟೆಯ ಮೇಲೆ ಹೋಗಿ ಕೂರುತ್ತಿತ್ತು.

"ಕಾಕನದ್ದು ಬೇಸ್ ನುಡಿಸುದಲ್ಲ, ಮಗುವನ್ನು ಸೊಂಟದಲ್ಲಿ ಕೂರಿಸಿ ಸಮಾಧಾನ ಮಾಡುದು," ಎಂದು ಮಾಲಕ ಎಲ್ಲರೆದುರು ತಮಾಷೆ ಮಾಡುತ್ತಿದ್ದ. ಅವರೂ ನಗುತ್ತಿದ್ದರು.

ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಅವರು ಹೇಳಿದ್ದು ಹೀಗೆ: "ರೈಗಳೇ, ನಾನು ಸುಮ್ಮನಿದ್ರೂ ಇದು ಸುಮ್ಮನಿರುದಿಲ್ಲ. ಝುಂಯ್ ಅಂತ ಒಂದೇ ರಾಗ."

ನನ್ನ ಅಂಗಡಿಯಲ್ಲಿ ಒಂದು ಕ್ರಮ ಇತ್ತು. ಬಂದ ಪ್ರತಿ ಸಾಮಾನಿಗೆ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದೆ. ಮುಂಬದಿಯಲ್ಲಿ ಗಿರಾಕಿಯ ಹೆಸರು, ಊರು, ಮತ್ತು ಅವರು ಹೇಳಿದ ದೂರು, ಅವರದೇ ಮಾತಿನಲ್ಲಿ. ಹಿಂಬದಿಯಲ್ಲಿ ನಾನು ಕಂಡುಹಿಡಿದ ದೋಷ. ನನಗೆ ಕೆಲಸ ಕಲಿಸಿದ ಗುರುಗಳು ಹೇಳಿಕೊಟ್ಟ ಕ್ರಮ ಅದು. "ಗಿರಾಕಿಯ ಮಾತನ್ನು ನಿನ್ನ ಮಾತಿಗೆ ತಿರುಗಿಸಬೇಡ. ಅವನು ಹೇಳಿದ್ದರಲ್ಲೇ ಅರ್ಧ ರಿಪೇರಿ ಇರುತ್ತದೆ" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಚೀಟಿಗಳನ್ನು ಒಂದು ತಂತಿಗೆ ಪೋಣಿಸಿ ಇಡುತ್ತಿದ್ದೆ.

ಅಂದಿನ ಕೆಲಸ ಸುಲಭದ್ದೇ ಆಗಿತ್ತು. ತಂತಿಗಳನ್ನು ಮುಟ್ಟಿದರೆ ಝುಂಯ್ ಸದ್ದು ಕಡಿಮೆಯಾಗುತ್ತಿರಲಿಲ್ಲ. ಕೇಬಲ್ಲಿನ ತುದಿಯ ಲೋಹ ಮುಟ್ಟಿದರೆ ಮಾತ್ರ ಆಗುತ್ತಿತ್ತು. ಹಾಗಾದರೆ ತಂತಿಗಳಿಗೆ ಅರ್ತ್, ಅಂದರೆ ಸದ್ದನ್ನು ನೆಲಕ್ಕೆ ಇಳಿಸುವ ಜೋಡಣೆ, ಇಲ್ಲ ಎಂದು ಅರ್ಥ. ತಂತಿಗಳು ಕೂತ ಕಬ್ಬಿಣದ ತುಂಡನ್ನು ಬಿಚ್ಚಿದೆ. ಕೆಳಗಿನ ವಯರು ಕಡಲ ಗಾಳಿಗೆ ಹಸಿರು ಹಿಡಿದು ಪುಡಿಯಾಗಿತ್ತು. ಹೊಸದು ಹಾಕಿದೆ. ಮುಕ್ಕಾಲು ಪಾಲು ಸದ್ದು ಹೋಯಿತು. ತಿರುಗಿಸುವಾಗ ಕರಕರ ಎನ್ನುತ್ತಿದ್ದ ವಾಲ್ಯೂಮ್ ಕಂಟ್ರೋಲನ್ನೂ ಬದಲಿಸಿದೆ. ಆ ಅಳತೆಯದು ನನ್ನಲ್ಲಿ ಇದ್ದದ್ದು ಬೇರೆ ಜಾತಿಯದು, ವಯರು ಬೆಸೆಯುವ ಕಾಲುಗಳು ಹಳೆಯದಕ್ಕಿಂತ ಉದ್ದ. ಹಾಕಿದರೆ ಹಿಡಿಯುತ್ತದೆ ಎಂದು ಹಾಕಿದೆ.

ಉಳಿದ ಕಾಲು ಪಾಲು ಸದ್ದು ಅಂಗಡಿಯ ಟ್ಯೂಬ್‌ಲೈಟಿನಿಂದ ಬರುತ್ತಿತ್ತು. ಅದನ್ನು ತಡೆಯಲು ವಾದ್ಯದ ಒಳಗಿನ ಗುಂಡಿಗೆ ಲೋಹದ ಹಾಳೆ ಹಚ್ಚಬೇಕು. ತಾಮ್ರದ ಹಾಳೆ ನನ್ನಲ್ಲಿರಲಿಲ್ಲ. ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಫಾಯಿಲ್ ಆದೀತಾ ಎಂದು ಅವರೇ ಕೇಳಿದರು. ಆಗುತ್ತದೆ ಎಂದೆ. ಮರುದಿನ ಒಂದು ಸುರುಳಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದರು. ಗುಂಡಿಯ ಒಳಗೆಲ್ಲ ಅಂಟಿಸಿದೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದ ಒಳಮೈಗೂ ಅಂಟಿಸಿದೆ.

ಇಲ್ಲಿ ಒಂದು ಹೆಜ್ಜೆ ಬಿಟ್ಟೆ. ಲೋಹದ ಹಾಳೆ ಹಾಕಿದ ಮೇಲೆ, ಕಂಟ್ರೋಲಿನ ಕಾಲುಗಳ ಎದುರಿಗೆ ಒಂದು ತುಂಡು ರಟ್ಟು ಅಂಟಿಸಬೇಕು, ಎರಡೂ ಒಂದಕ್ಕೊಂದು ತಾಗದ ಹಾಗೆ. ಹಳೆಯ ಕ್ಯಾಲೆಂಡರಿನ ರಟ್ಟು ಸಾಕು, ಐದು ನಿಮಿಷದ ಕೆಲಸ. ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅವರು ಎದುರಿನ ಸ್ಟೂಲಿನಲ್ಲಿ ಕೂತಿದ್ದರು, ನನಗೆ ಸದ್ದು ನಿಂತದ್ದನ್ನು ಕೂಡಲೇ ತೋರಿಸಬೇಕಿತ್ತು. ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿ ಕೈಗೆ ಕೊಟ್ಟೆ.

ಅವರು ಒಂದು ತಂತಿ ಮೀಟಿ ಬೆರಳು ಎತ್ತಿದರು. ನಿಶ್ಶಬ್ದ. "ಮಾರಾಯ್ರೇ, ಹುಟ್ಟಿದಂದಿನಿಂದ ಇದು ಇಷ್ಟು ಮರ್ಯಾದೆಯಲ್ಲಿ ಇದ್ದದ್ದೇ ಇಲ್ಲ," ಎಂದರು. ಆ ಮಾತು ನನ್ನ ತಲೆಗೇರಿತು.

ಒಂದು ತಿಂಗಳೊಳಗೆ ತಿರುಗಿ ಬಂದರು. ಈಗ ಝುಂಯ್ ಸದ್ದು ಇಲ್ಲ, ಬೇರೆಯೇ ಉಪದ್ರ. ಹಾಡಿನ ನಡುವೆ ಸ್ವರ ಬಟ್ಟೆಯ ಹಾಗೆ ಹರಿಯುತ್ತದೆ, ಗರಗರ ಎನ್ನುತ್ತದೆ, ಒಮ್ಮೊಮ್ಮೆ ಕುಸಿದು ಹೋಗುತ್ತದೆ, ತಿರುಗಿ ಬರುತ್ತದೆ. ಮಾಲಕ ವೇದಿಕೆಯಿಂದಲೇ ಕಣ್ಣು ಬಿಡುತ್ತಾನೆ.

ನಾನು ವಾದ್ಯವನ್ನು ಮೇಜಿನ ಮೇಲೆ ಕವುಚಿ ಹಾಕಿ, ಹಿಂದಿನ ಮುಚ್ಚಳ ತೆಗೆದು, ಒಂದೊಂದೇ ಬೆಸುಗೆಯನ್ನು ನೋಡಿದೆ. ಎಲ್ಲವೂ ಸರಿ. ಬದಿಗೆ ತಿರುಗಿಸಿ ಮೀಟಿದರೆ ಸ್ವರ ಶುದ್ಧ. ಗಂಟೆಗಟ್ಟಲೆ ನೋಡಿದರೂ ಶುದ್ಧ. ತೆರೆದ ಸಾಮಾನಿನ ಮೇಲೆ ಕೆಲಸ ಮಾಡಿ ಅಭ್ಯಾಸವಾದ ನಮ್ಮಂಥವರು ಮುಚ್ಚಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಚ್ಚಳ ಎಂದರೆ ಕೆಲಸ ಮುಗಿದ ಮೇಲೆ ಹಾಕುವಂಥದ್ದು.

ತಂತಿಗಳು ಹಳತಾಗಿವೆ ಎಂದೆ. ಅವರು ಗಲ್ಫಿನಲ್ಲಿದ್ದ ಭಾವನಿಗೆ ಹೇಳಿ, ಊರಿಗೆ ಬರುವವರ ಕೈಯಲ್ಲಿ ಹೊಸ ಸೆಟ್ ತರಿಸಿದರು. ಗರಗರ ಹೋಗಲಿಲ್ಲ. ವಾದ್ಯದ ಕುತ್ತಿಗೆ ಬಾಗಿದೆ, ತಂತಿ ಅಡ್ಡಪಟ್ಟಿಗೆ ಬಡಿಯುತ್ತದೆ ಎಂದೆ. ಒಳಗಿನ ಸರಳನ್ನು ಕಾಲು ಸುತ್ತು ಬಿಗಿ ಮಾಡಿದೆ. ಹೋಗಲಿಲ್ಲ. ಕೇಬಲ್ ಬದಲಿಸಿದೆ, ಜ್ಯಾಕ್ ಬದಲಿಸಿದೆ. ಪ್ರತಿ ಸಲ "ಈಗ ಸರಿ ಆಯ್ತು" ಎಂದೆ. ಪ್ರತಿ ಸಲ ಅವರು ಕಪ್ಪು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಹಿಂದಿನ ಮೆಟ್ಟಿಲು ಹತ್ತಿದರು, ಮತ್ತೆ ಇಳಿದು ಬಂದರು. ಮುಚ್ಚಳ ಹಾಕಿದ ಮೇಲೂ ನುಡಿಸಿ ನೋಡಿದ್ದುಂಟು, ಆದರೆ ಸ್ಟೂಲಿನಲ್ಲಿ ಕೂತು, ವಾದ್ಯವನ್ನು ತೊಡೆಯ ಮೇಲೆ ಇಟ್ಟು.

ನಾಲ್ಕನೆಯ ಸಲ ಬಂದಾಗ ಅವರು ಹೇಳಿದರು: "ರೈಗಳೇ, ನಾನೊಂದು ನೋಡಿದೆ. ನಿಂತ್ರೆ ಗರಗರ. ಕೂತ್ರೆ ಇಲ್ಲ."

ನಾನು ನಕ್ಕೆ. "ನೀವು ನಿಂತದ್ದು, ಕೂತದ್ದು ಇದಕ್ಕೆ ಹೇಗೆ ಗೊತ್ತಾಗ್ತದೆ ಬ್ಯಾರಿಗಳೇ? ಇದಕ್ಕೆ ಕಣ್ಣುಂಟಾ?"

"ಅದನ್ನು ನೀವಲ್ವಾ ಹೇಳ್ಬೇಕಾದ್ದು? ಪರೋಟ ಹರಿದ್ರೆ ಯಾಕೆ ಅಂತ ನಾನು ಹೇಳ್ತೇನೆ. ಇದು ನಿಮ್ಮ ಹಿಟ್ಟು."

ಕ್ರಮ ತಪ್ಪಿಸದೆ ಚೀಟಿಯಲ್ಲಿ ಬರೆದೆ. ಅವರ ಮಾತನ್ನೇ ಬರೆದೆ. ಬರೆದವನು ಓದಲಿಲ್ಲ.

ಅದೇ ವಾರ ಕಾರಡ್ಕದ ಕಡೆ ಒಂದು ಶಾಲೆಯ ವಾರ್ಷಿಕೋತ್ಸವ ಇತ್ತು. ಮಧ್ಯಾಹ್ನದ ಕಾರ್ಯಕ್ರಮ. ಮಾಲಕ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದ. ಮೂರನೆಯ ಹಾಡಿಗೆ ಗರಗರ ಸುರುವಾಯಿತು. ನಾನು ಆಂಪ್ಲಿಫೈಯರಿನ ಹಿಂದೆ ಕೂತೆ. ಬೇಸನ್ನು ಬೇರೆ ಚಾನೆಲಿಗೆ ಹಾಕಿದೆ, ಸ್ಪೀಕರ್ ಬದಲಿಸಿದೆ. ಶಾಲೆ ಇದ್ದದ್ದು ಬರೀ ಮುರಕಲ್ಲಿನ ಗುಡ್ಡದಲ್ಲಿ, ಬೇಸಗೆಯಲ್ಲಿ ಅಲ್ಲಿ ಅರ್ತ್ ಸಿಗುವುದಿಲ್ಲ. ಕಬ್ಬಿಣದ ಗೂಟ ಹೊಡೆಯಲು ನೋಡಿದರೆ ಕಲ್ಲು, ಗೂಟ ಬಾಗಿತು. ಶಾಲೆಯ ಬಾವಿಯ ಹತ್ತಿರ ಮಣ್ಣು ಇದ್ದಲ್ಲಿ ಹೊಡೆದು, ಎರಡು ಕೊಡ ನೀರು ಹೊಯ್ದು, ಉದ್ದ ವಯರು ಎಳೆದೆ. ಅಂಗಿ ಪೂರ್ತಿ ಬೆವರಿನಲ್ಲಿ ಒದ್ದೆ. ಗರಗರ ಹಾಗೇ ಇತ್ತು. ಇಷ್ಟೆಲ್ಲ ಮಾಡಿದವನು ಹತ್ತು ಮೆಟ್ಟಿಲು ಹತ್ತಿ ವೇದಿಕೆಗೆ ಹೋಗಿ ಆ ಮನುಷ್ಯ ವಾದ್ಯವನ್ನು ಹೇಗೆ ಹಿಡಿದಿದ್ದಾರೆ ಎಂದು ನೋಡಲಿಲ್ಲ.

ಕೊನೆಗೆ ಅವರೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತು ನುಡಿಸಿದರು. ಸದ್ದು ನಿಂತಿತು. ದೂರದಿಂದ ನನ್ನನ್ನು ನೋಡಿ ಹುಬ್ಬು ಹಾರಿಸಿದರು, ನೋಡಿದಿರಾ ಎಂಬಂತೆ. ನಾನು ತಲೆ ತಗ್ಗಿಸಿ ಪ್ಲಗ್ ಬಿಗಿ ಮಾಡುತ್ತಿದ್ದವನಂತೆ ಕೂತೆ.

ಎರಡು ದಿನ ಬಿಟ್ಟು ಮಾಲಕ ಅಂಗಡಿಗೆ ಬಂದ. ಬ್ಯಾರಿಗಳನ್ನೂ ಕರೆಸಿದ್ದ. ಆಗ ಮಾಲಕ ಹೊಸ ಕೀಬೋರ್ಡ್ ಕೊಂಡಿದ್ದ. ಅದರಲ್ಲೇ ಎಡಗೈಯಲ್ಲಿ ಬೇಸ್ ನುಡಿಸಿದರೆ ಬೇರೆ ಆಳು ಬೇಡ. ಅವನಿಗೆ ಒಂದು ಕಾರಣ ಮಾತ್ರ ಬೇಕಿತ್ತು ಎಂದು ನನಗೆ ಆಗಲೇ ಅಂದಾಜಾಗಿತ್ತು.

"ಅಣ್ಣ, ನಾಲ್ಕು ಸಲ ರಿಪೇರಿ ಆಯ್ತು," ಎಂದ. "ಈಗ ನೀವೇ ಹೇಳಿ. ನೀವು ಹೇಳಿದ ಮೇಲೆ ಬೇರೆ ಮಾತಿಲ್ಲ. ಸಾಮಾನಿನದ್ದಾ, ಕೈಯದ್ದಾ?"

ಅವರು ಸ್ಟೂಲಿನಲ್ಲಿ ಕೂತಿದ್ದರು. ಬಲಗೈ ಮೊಣಕಾಲ ಮೇಲಿತ್ತು. ಎಣ್ಣೆಯ ಕಲೆ ಬೆಳಕಿಗೆ ಹೊಳೆಯುತ್ತಿತ್ತು.

"ನನಗೆ ಗೊತ್ತಾಗುವುದಿಲ್ಲ" ಎಂದು ಹೇಳಿದ್ದರೆ ಸಾಕಿತ್ತು. ನನ್ನ ವಾಯಿದೆ ಹೆಚ್ಚುಕಡಿಮೆ ಆಗಬಹುದು, ಆದರೆ ದೋಷ ಕಂಡುಹಿಡಿಯದೆ ಬಿಡುವವನಲ್ಲ ಎಂದು ಬದಿಯಡ್ಕದಲ್ಲಿ ನನಗೆ ಹೆಸರಿತ್ತು. ಮಾಲಕನ ಎದುರು, ಪಕ್ಕದ ಅಂಗಡಿಯವನು ಇಣುಕಿ ನೋಡುತ್ತಿದ್ದಾಗ, ಆ ಎರಡು ಶಬ್ದ ನನ್ನ ಬಾಯಿಂದ ಬರಲಿಲ್ಲ. ಆ ಕಲೆಯ ಮೇಲೆ ನನ್ನ ಕಣ್ಣು ಬಿತ್ತು.

"ಸಾಮಾನಿನಲ್ಲಿ ದೋಷ ಇಲ್ಲ," ಎಂದೆ. "ಹಳೆ ಸುಟ್ಟ ಗಾಯ ಅಲ್ವಾ, ನರ ಎಳೀತಿರ್ಬಹುದು. ನಿಂತಾಗ ತೋಳು ಜೋಲ್ತದೆ, ಬೆರಳು ತಂತಿಯನ್ನು ಸರಿ ಮೀಟುದಿಲ್ಲ. ಕೂತ್ರೆ ಕೈಗೆ ಆಧಾರ ಉಂಟು."

ಕೇಳಲು ಎಷ್ಟು ಸರಿಯಾಗಿತ್ತು! ನಿಂತರೆ, ಕೂತರೆ, ಎಲ್ಲಕ್ಕೂ ಉತ್ತರ ಸಿಕ್ಕಿತ್ತು. ಅವರು ತಂದುಕೊಟ್ಟ ಸುಳಿವನ್ನೇ ಅವರ ಮೇಲೆ ತಿರುಗಿಸಿದ್ದೆ.

ಮಾಲಕ ತಲೆಯಾಡಿಸಿದ. "ಕಾಕ, ಬೇಜಾರು ಮಾಡ್ಬೇಡಿ. ಸ್ವಲ್ಪ ಸಮಯ ರೆಸ್ಟ್ ತೆಗೊಳ್ಳಿ. ಕೈ ಸರಿಯಾದ ಮೇಲೆ ನೋಡುವ."

ಅವರು ಬಲಗೈಯನ್ನು ಎತ್ತಿ ಬೆರಳುಗಳನ್ನು ಬಿಡಿಸಿ ಮಡಚಿ ನೋಡಿದರು. "ನೋವೇನೂ ಇಲ್ಲ," ಎಂದರು. ಕೈ ಇಳಿಸಿ, "ಆದ್ರೆ ರೈಗಳು ಸುಳ್ಳು ಹೇಳುವವರಲ್ಲ," ಎಂದರು. ವಾದ್ಯವನ್ನು ಕೊಂಡುಹೋಗಲಿಲ್ಲ. "ಇದು ಇಲ್ಲೇ ಇರ್ಲಿ. ಮನೆಯಲ್ಲಿದ್ರೆ ನೋಡ್ತಾ ಇರ್ಬೇಕಾಗ್ತದೆ."

ಅವರು ಹೋದ ಮೇಲೆ ಚೀಟಿಯ ಹಿಂಬದಿಯಲ್ಲಿ ದೋಷದ ಜಾಗದಲ್ಲಿ ಬರೆದೆ: ಬಲಗೈ.

ಆರು ತಿಂಗಳು ವಾದ್ಯ ಗೋಡೆಗೆ ಒರಗಿಕೊಂಡಿತ್ತು. ಒಂದು ದಿನ ಬೇರೆ ಯಾರದೋ ಆಂಪ್ಲಿಫೈಯರಿಗೆ ಅದೇ ಅಳತೆಯ ವಾಲ್ಯೂಮ್ ಕಂಟ್ರೋಲ್ ಬೇಕಾಯಿತು. ಸದ್ಯಕ್ಕೆ ಇದರದ್ದು ತೆಗೆಯುವ ಎಂದು ಹಿಂಬದಿಯ ಸ್ಕ್ರೂ ಬಿಚ್ಚಿದೆ. ಮುಚ್ಚಳ ಕೈಯಲ್ಲಿ ಮಗುಚಿತು. ಒಳಮೈಯ ಫಾಯಿಲಿನಲ್ಲಿ ಎರಡು ಸಣ್ಣ ತೂತುಗಳಿದ್ದವು. ಸುತ್ತ ಉಜ್ಜಿ ಉಜ್ಜಿ ಬೆಳ್ಳಗಾದ ಗುರುತು.

ಮುಚ್ಚಳವನ್ನು ತಿರುಗಿ ಹಾಕಿದೆ. ಆಂಪ್ಲಿಫೈಯರಿಗೆ ಜೋಡಿಸಿದೆ. ತಂತಿ ಮೀಟಿದೆ: ಶುದ್ಧ. ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿ ಮೀಟಿದೆ: ಗರಗರ. ಬಿಟ್ಟೆ: ಶುದ್ಧ. ಒತ್ತಿದೆ: ಗರಗರ. ಹೆಬ್ಬೆರಳಿನ ಜಾಗದಲ್ಲಿ ಒಂದು ಹೊಟ್ಟೆ ಇದ್ದರೆ ಏನಾಗುತ್ತದೆ ಎಂದು ಯೋಚಿಸಲು ಹತ್ತನೇ ಕ್ಲಾಸೂ ಬೇಡ. ನಾನು ಹಾಕಿದ ಕಂಟ್ರೋಲಿನ ಉದ್ದ ಕಾಲು, ನಾನು ಅಂಟಿಸಿದ ಫಾಯಿಲ್, ನಾನು ಇಡದ ರಟ್ಟು. ಅವರು ನಿಂತಾಗ ಹೊಟ್ಟೆ ಮುಚ್ಚಳವನ್ನು ಒತ್ತುತ್ತಿತ್ತು, ಕಾಲು ಫಾಯಿಲಿಗೆ ತಾಗುತ್ತಿತ್ತು, ಸ್ವರ ಅಲ್ಲೇ ಅರ್ತಿಗೆ ಸೋರಿ ಹೋಗುತ್ತಿತ್ತು. ಸುರುವಿನ ಕೆಲವು ದಿನ ಫಾಯಿಲಿನ ಮೇಲಿನ ಅಂಟು ತಡೆದಿರಬೇಕು. ಮಾಲಕನ ತಮಾಷೆಯಲ್ಲೂ ಅದೇ ಇತ್ತು, ಬ್ಯಾರಿಗಳ ದೂರಿನಲ್ಲೂ ಅದೇ ಇತ್ತು. ಕಿವಿಯೇ ಕಸುಬಾಗಿದ್ದವನಿಗೆ ಕೇಳಲಿಲ್ಲ.

ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅಂಟಿಸಿದೆ. ಐದು ನಿಮಿಷ ಹಿಡಿಯಿತು.

ಎಲ್ಲವನ್ನೂ ಹೇಳಿಬಿಡುವುದು ಎಂದು ನಿಶ್ಚಯ ಮಾಡಿಯೇ ವಾದ್ಯ ಹಿಡಿದು ಕುಂಬಳೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅವರು ಮನೆಯ ಜಗಲಿಯಲ್ಲಿದ್ದರು. ಬಲಗೈಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು.

"ಬನ್ನಿ ಬನ್ನಿ ರೈಗಳೇ, ನಿಮಗೆ ನೂರು ವರ್ಷ ಆಯುಸ್ಸು! ಈಗ ಮಾತ್ರ ನಿಮ್ಮ ಸುದ್ದಿ ಹೇಳಿದ್ದು," ಎಂದು ಒಳಗೆ ತಿರುಗಿ ಚಾ ಮಾಡಲು ಹೇಳಿದರು. ಕೈಗೆ ಎಂತ ಆಯ್ತು ಎಂದು ಕೇಳಿದೆ.

"ನೀವೇ ಹೇಳಿದ್ದಲ್ವಾ? ವೈದ್ಯರಲ್ಲಿಗೆ ಹೋದೆ. ನರ ಬಲ ಇಲ್ಲ ಅಂತ ಅವರೂ ಹೇಳಿದ್ರು. ದಿನಾ ಎರಡು ಹೊತ್ತು ಎಣ್ಣೆ. ಹಿಟ್ಟು ನಾದುದು, ಪರೋಟ ಬೀಸುದು ಎಲ್ಲ ಬಿಟ್ಟೆ. ಈಗ ಅದೇ ಹೋಟೆಲಿನಲ್ಲಿ ಬಡಿಸ್ತೇನೆ."

ಅವರೇ ಮುಂದುವರಿಸಿದರು: "ತಂಡದವರೆಲ್ಲ ಹಿಂದಿನಿಂದ ನಗಾಡಿದವ್ರೇ. ನನ್ನ ಮುಖ ನೋಡಿ ಸತ್ಯ ಹೇಳಿದ್ದು ನೀವೊಬ್ರೇ. ಅದನ್ನು ನಾನು ಮರೀಲಿಕ್ಕಿಲ್ಲ."

ಜೋಡಿಸಿಟ್ಟ ಮಾತುಗಳು ಅಲ್ಲಿಗೆ ಬಿದ್ದುಹೋದವು. ಆ ಮಾತು ಮುಗಿದ ಕೂಡಲೇ ಹೇಳಬೇಕಿತ್ತು. ಚಾ ಬಂತು, ಕುಡಿದೆ.

"ವಾದ್ಯ ತಂದಿದ್ದೇನೆ," ಎಂದೆ.

"ದೋಷ ಸಿಕ್ಕಿತಾ?"

"ಇಲ್ಲ. ಸ್ವಲ್ಪ ಕ್ಲೀನ್ ಮಾಡಿದ್ದು, ಅಷ್ಟೆ."

ಅವರು ಬಟ್ಟೆ ಬಿಚ್ಚಿ, ಎಣ್ಣೆ ಒರೆಸಿ, ಪಟ್ಟಿಯನ್ನು ಹೆಗಲಿಗೆ ಹಾಕಿ ಎದ್ದು ನಿಂತರು. ಮನೆಯಲ್ಲಿದ್ದ ಸಣ್ಣ ಸ್ಪೀಕರಿಗೆ ಜೋಡಿಸಿದರು. ವಾದ್ಯ ಹೊಟ್ಟೆಯ ಮೇಲೆ ಕೂತಿತು. ನುಡಿಸಿದರು. ಒಂದು ಇಡೀ ಹಾಡಿನ ಬೇಸ್, ಎಲ್ಲಿಯೂ ಗರಗರ ಎನ್ನದೆ, ತುಂಬಿ ಬಂತು. ಅವರ ಕಣ್ಣು ವಾದ್ಯದ ಮೇಲಿರಲಿಲ್ಲ, ತಮ್ಮ ಬೆರಳುಗಳ ಮೇಲಿತ್ತು.

"ನೋಡಿ!" ಎಂದರು. "ಎಣ್ಣೆ ಹಿಡಿದದ್ದು ನೋಡಿ ರೈಗಳೇ! ನಿಂತೇ ನುಡಿಸಿದೆ!"

ನಾನು ಹೌದು ಎಂದೆ. ಎಣ್ಣೆ ಹಿಡಿದಿದೆ ಎಂದೆ.

ಮರುದಿನವೇ ಅವರು ಮಾಲಕನಲ್ಲಿಗೆ ಹೋಗಿ ಕೈ ಸರಿಯಾಯಿತು ಎಂದರಂತೆ. ಮಾಲಕ ನನಗೆ ಫೋನ್ ಮಾಡಿದ. "ಅಣ್ಣ, ಕಾಕ ಕೈ ಸರಿಯಾಯ್ತು ಅಂತಾರೆ. ನಂಬ್ಲಿಕ್ಕೆ ಆಗ್ತದಾ? ಸ್ಟೇಜಿನಲ್ಲಿ ಪುನಃ ಹೀಗೆ ಆದ್ರೆ ಎಂತ ಮಾಡುದು?"

ದೋಷ ನನ್ನದಾಗಿತ್ತು, ಅವರದ್ದು ಯಾವತ್ತೂ ಆಗಿರಲಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರಲಿಕ್ಕಿಲ್ಲ. ಫೋನಿನಲ್ಲಿ, ಮುಖ ತೋರಿಸದೆ, ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

"ನರದ ವಿಷಯ, ಹೇಳ್ಲಿಕ್ಕಾಗುದಿಲ್ಲ," ಎಂದೆ.

ಅವರನ್ನು ತಿರುಗಿ ಕರೆಯಲಿಲ್ಲ. ಆಮೇಲೆ ಅವರು ಎಲ್ಲಿಯೂ ವೇದಿಕೆಯಲ್ಲಿ ನುಡಿಸಿದ್ದು ನನಗೆ ಗೊತ್ತಿಲ್ಲ. ಕುಂಬಳೆಯಲ್ಲಿ ಬಸ್ಸು ಬದಲಿಸುವಾಗ ಕೆಲವು ಸಲ ಕಂಡದ್ದುಂಟು. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಬಡಿಸುತ್ತಿದ್ದರು. ನನ್ನನ್ನು ಕಂಡರೆ ಬಲಗೈ ಎತ್ತಿ ಬೆರಳು ಮಡಚಿ ಬಿಡಿಸಿ ತೋರಿಸಿ ನಗುತ್ತಿದ್ದರು. ನಾನು ಆ ಹೋಟೆಲಿನ ಎದುರಿನಿಂದ ಹೋಗುವುದನ್ನೇ ಬಿಟ್ಟೆ.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಸುದ್ದಿ ತಿಳಿದಾಗ ಎಲ್ಲ ಮುಗಿದು ನಾಲ್ಕು ದಿನವಾಗಿತ್ತು. ಹೋದೆ. ಗೇಟಿನ ಹತ್ತಿರದವರೆಗೆ ಹೋದೆ. ಜಗಲಿಯ ಗೋಡೆಯಲ್ಲಿ ಮೊಳೆಗೆ ಕಪ್ಪು ಚೀಲ ತೂಗುತ್ತಿತ್ತು. ಒಳಗಿನಿಂದ ಯಾರೋ ಬರುವ ಸದ್ದಾಯಿತು. ತಿರುಗಿ ಬಂದೆ.

ಅಂಗಡಿ ಖಾಲಿ ಮಾಡುವಾಗ ತಂತಿಗೆ ಪೋಣಿಸಿದ ಚೀಟಿಗಳನ್ನು ಸುಡಲು ಹಾಕಿದೆ. ಒಂದನ್ನು ಮಾತ್ರ ತೆಗೆದು ಇಟ್ಟುಕೊಂಡಿದ್ದೇನೆ. ಈಗ ಮೇಜಿನ ಮೇಲಿದೆ. ಹಿಂಬದಿಯಲ್ಲಿ ಬರೆದ ಶಬ್ದವನ್ನು ಇವತ್ತು ಹೊಡೆದುಹಾಕಿ ಅದರ ಕೆಳಗೆ ಬರೆದೆ: ಮುಚ್ಚಳದ ಫಾಯಿಲ್ ಕಂಟ್ರೋಲಿನ ಕಾಲಿಗೆ ತಾಗುತ್ತಿತ್ತು. ಅಂಟಿಸಿದ್ದು ನಾನು.

ಮುಂಬದಿಯಲ್ಲಿ ಏನನ್ನೂ ತಿದ್ದಲಿಕ್ಕಿಲ್ಲ. ಅಲ್ಲಿ ಬರೆದದ್ದೆಲ್ಲ ಅಂದೇ ಸರಿ ಇತ್ತು. ದೂರು: ನಿಂತರೆ ಗರಗರ, ಕೂತರೆ ಇಲ್ಲ. ಊರು: ಕುಂಬಳೆ. ಹೆಸರು: ಆದಂ ಕುಂಞಿ.